ಸೈಟೇಶನ್ ಇಳಿಸಿಕೊಡಿ ಎಂದು ಬಂದವನು

"ನನ್ನದೊಂದು ಪೇಪರ್ ಇದೆ ಮೇಡಂ. ಅದರ ಸೈಟೇಶನ್ ಸ್ವಲ್ಪ ಇಳಿಸಿಕೊಡೋಕೆ ಆಗುತ್ತಾ?"

ಅಂಕಿ ಮೇಡಂ ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ. ವಾರ್ಷಿಕ ವರದಿಯ ಕಾಲದಲ್ಲಿ ಅವಳ ಬಾಗಿಲಿಗೆ ಬರುವವರೆಲ್ಲ ಇದೇ ದನಿಯಲ್ಲಿ ಮಾತು ಶುರುಮಾಡುತ್ತಿದ್ದರು. ಅರ್ಧ ಬೆಣ್ಣೆ, ಅರ್ಧ ಕೆಮ್ಮು. ಕಿವಿ ತನ್ನಷ್ಟಕ್ಕೆ ತಾನೇ 'ಏರಿಸಿಕೊಡಿ' ಎಂದು ಕೇಳಿಸಿಕೊಂಡುಬಿಟ್ಟಿತು.

"ಆಗಲ್ಲ ಸರ್. ನಾನು ಎಣಿಸೋಳು, ಹುಟ್ಟಿಸೋಳಲ್ಲ."

"ಹುಟ್ಟಿಸೋದು ಬೇಡ. ಇಳಿಸಿ ಅಂದೆ. ಪೂರ್ತಿ ಸೊನ್ನೆ ಮಾಡಿದ್ರೂ ಸಂತೋಷವೇ."

ಅವಳು ತಲೆ ಎತ್ತಿದಳು. ಬಾಗಿಲಲ್ಲಿ ನಿಂತವನನ್ನು ಕಂಡಿದ್ದಳು, ಮಾತಾಡಿಸಿರಲಿಲ್ಲ. ಹಿಂದಿನ ಕಟ್ಟಡದಲ್ಲಿ ನೀರಿನ ಪ್ರಯೋಗಾಲಯ ನಡೆಸುವವನು. ಪಾಚಿಯ ಮೇಲೆ ಕೆಲಸ ಮಾಡುತ್ತಾನೆಂದು ಸಂಸ್ಥೆಯಲ್ಲೆಲ್ಲ ಪಾಚಿ ಡಾಕ್ಟ್ರು ಎಂದೇ ಹೆಸರು. ಬಡಕಲು ಮೈ, ಇಸ್ತ್ರಿಯ ಮುಖ ಕಾಣದ ಅಂಗಿ, ಉಗುರುಸಂದಿಯಲ್ಲೆಲ್ಲ ಹಸಿರು. ಅವನ ಬೆನ್ನಿಗೇ ಕೊಳೆತ ನೀರಿನ ವಾಸನೆಯೊಂದು ಕೋಣೆಯೊಳಗೆ ಕಾಲಿಟ್ಟಿತು. ಅವಳು ಮೂಗು ಸೊಟ್ಟ ಮಾಡಿದಳು. ಅವನು ಅದನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ. ತುಟಿಯ ಒಂದು ತುದಿಯಲ್ಲಿ ಮಾತ್ರ ನಗು ಹಾಗೇ ಉಳಿದಿತ್ತು.

ಆ ನಗುವಿಗೇ ಅವಳ ಮೈ ಉರಿದದ್ದು.

"ತಮಾಷೆಗೆ ಬೇರೆ ಕೋಣೆ ನೋಡ್ಕೊಳ್ಳಿ ಸರ್. ನನಗೆ ಕೆಲಸ ಇದೆ."

"ತಮಾಷೆ ಅಲ್ಲ ಮೇಡಂ, ನಿಜವಾಗ್ಲೂ…"

"ಹೋಗಿ ಬನ್ನಿ."

ಅವನು ಹೋದ. ವಾಸನೆ ಮಾತ್ರ ಊಟದ ಹೊತ್ತಿನವರೆಗೂ ಎದುರಿನ ಕುರ್ಚಿಯಲ್ಲಿ ಕೂತಿತ್ತು.

ಅಂಕಿ ಮೇಡಂ ಎಂಬ ಅಡ್ಡಹೆಸರಿಗೆ ಕಾರಣವಾದ ಅವಳ ಕೆಲಸವನ್ನು ವಿವರಿಸುವುದು ಸುಲಭ. ಸಂಸ್ಥೆಯ ವಿಜ್ಞಾನಿಗಳು ವರ್ಷವಿಡೀ ಎಷ್ಟು ಸಂಶೋಧನಾ ಪೇಪರ್ ಪ್ರಕಟಿಸಿದರು, ಆ ಪೇಪರುಗಳನ್ನು ಜಗತ್ತಿನ ಬೇರೆ ವಿಜ್ಞಾನಿಗಳು ತಮ್ಮ ಪೇಪರುಗಳಲ್ಲಿ ಎಷ್ಟು ಸಲ ಹೆಸರಿಸಿದರು ಎಂದು ಲೆಕ್ಕ ಹಾಕುವುದು. ಹಾಗೆ ಹೆಸರಿಸಿದ್ದೇ ಸೈಟೇಶನ್. ಸೈಟೇಶನ್ ಹೆಚ್ಚಿದರೆ ಸಂಸ್ಥೆಯ ರ‍್ಯಾಂಕ್ ಏರುತ್ತದೆ, ರ‍್ಯಾಂಕ್ ಏರಿದರೆ ಡೈರೆಕ್ಟರ ಎದೆ ಏರುತ್ತದೆ. ಸೇರಿದ ಹೊಸದರಲ್ಲಿ ಅವಳಿಗೆ ಈ ಕೆಲಸದ ಮೇಲೆ ಪ್ರೀತಿಯೇ ಇತ್ತು. ಎಲ್ಲೋ ಕೂತ ಒಬ್ಬರ ಯೋಚನೆ ಇನ್ನೆಲ್ಲೋ ಕೂತ, ಮುಖವೇ ನೋಡದ ಮತ್ತೊಬ್ಬರಿಗೆ ದಾರಿಯಾಗುವುದನ್ನು ಹುಡುಕಿ ತೆಗೆಯುವ ಕೆಲಸವಲ್ಲವೇ ಇದು ಎಂದು ಒಳಗೊಳಗೇ ಉಬ್ಬುತ್ತಿದ್ದಳು.

ಆ ಪ್ರೀತಿ ಹಳಸಿ ಬಹಳ ದಿನವಾಗಿತ್ತು. ತನ್ನ ಪೇಪರಿನಲ್ಲಿ ತನ್ನದೇ ಹಳೆಯ ಪೇಪರುಗಳನ್ನು ಸಾಲಾಗಿ ನಿಲ್ಲಿಸಿ ತಾನೇ ಚಪ್ಪಾಳೆ ತಟ್ಟಿಕೊಳ್ಳುವ ಹಿರಿಯರೊಬ್ಬರಿದ್ದರು. ದಿನವೂ ಒಂದೇ ಮೇಜಿಗೆ ಟೀಗೆ ಕೂರುವ ಗುಂಪೊಂದಿತ್ತು. ಒಬ್ಬ ಬರೆದರೆ ಉಳಿದವರೆಲ್ಲ ಹೆಸರಿಸುತ್ತಿದ್ದರು, ಮುಂದಿನ ತಿಂಗಳು ಸರದಿ ಇನ್ನೊಬ್ಬನದು. ಡೈರೆಕ್ಟರ ಅಳಿಯನಂತೂ ಹೃದಯ, ಮಣ್ಣು, ನಕ್ಷತ್ರ ಯಾವುದನ್ನೂ ಬಿಡದೆ ಎಲ್ಲರ ಪೇಪರಿನಲ್ಲೂ ಸಹಲೇಖಕ. ವರದಿಯ ಕಾಲ ಬಂತೆಂದರೆ ಇವರೆಲ್ಲ ಚಾಕೊಲೇಟ್ ಡಬ್ಬಿ ಹಿಡಿದು ಅವಳ ಬಾಗಿಲಿಗೆ ಬರುತ್ತಿದ್ದರು. ಡಬ್ಬಿಯ ಮೇಲಿನ ಹೊಳೆಯುವ ಹಾಳೆ ಕಂಡರೇ ಅವಳಿಗೆ ವಾಕರಿಕೆ. ಚಿಕ್ಕಮ್ಮನಿಗೆ ಮಾತ್ರ ಖುಷಿ.

ಅವಳಿದ್ದದ್ದು ಈ ಚಿಕ್ಕಮ್ಮನ ಜೊತೆ. ಚಿಕ್ಕಮ್ಮ ಕೆಳಗಿನ ಮಳಿಗೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು, ಇಬ್ಬರೂ ಮೇಲಿನ ಮನೆಯಲ್ಲಿ ಇರುತ್ತಿದ್ದರು.

"ಮುಖ ಯಾಕೆ ಯಾವಾಗ್ಲೂ ಹುಳಿ ತಿಂದ ಹಾಗಿರುತ್ತೆ ನಿಂದು? ಹಣೆ ಮೇಲೆ ಗೆರೆ ಬೀಳುತ್ತೆ. ಆಮೇಲೆ ನಾನೂ ಏನೂ ಮಾಡೋಕಾಗಲ್ಲ," ಎಂದಳು ಅವತ್ತು ಸಂಜೆ.

"ಇವತ್ತೊಬ್ಬ ಬಂದಿದ್ದ ಚಿಕ್ಕಮ್ಮಾ. ಇಳಿಸಿಕೊಡಿ ಅಂದ."

"ಏನನ್ನ?"

"ಸೈಟೇಶನ್."

ಚಿಕ್ಕಮ್ಮ ಚಾಕೊಲೇಟ್ ಬಾಯಿಗೆಸೆದುಕೊಂಡು ಅವಳನ್ನೇ ನೋಡಿದಳು. "ನಿನ್ನ ಆಫೀಸಿನ ಸುದ್ದಿಯಲ್ಲಿ ಮೊದಲ ಸಲ ಒಬ್ಬ ಮನುಷ್ಯ ಬಂದ ನೋಡು."

ಮಾರನೆಯ ದಿನ ಅವಳು ಸುಮ್ಮನೆ ಅವನ ಪೇಪರ್ ಯಾವುದೆಂದು ತೆಗೆದು ನೋಡಿದಳು. ನೋಡಿ ಗಾಬರಿಯಾದಳು. ಸಂಸ್ಥೆಯಲ್ಲೇ ಅತಿ ಹೆಚ್ಚು ಸೈಟೇಶನ್ ಇದ್ದ ಪೇಪರ್ ಅದು. ಮರಳಿನ ಮೇಲೆ ಪಾಚಿ ಬೆಳೆಸಿ, ಅದರ ಮೂಲಕ ನೀರು ಹಾಯಿಸಿದರೆ ನೀರಿನಲ್ಲಿರುವ ಸೀಸವನ್ನು ಪಾಚಿ ಹೀರಿಕೊಳ್ಳುತ್ತದೆ, ಬಡವರ ಮನೆಗೆ ಹೇಳಿ ಮಾಡಿಸಿದ ಫಿಲ್ಟರ್ ಇದು ಎನ್ನುವ ಪೇಪರ್. ಸಂಸ್ಥೆಯ ಒಟ್ಟು ಸೈಟೇಶನ್ನಿನಲ್ಲಿ ಕಾಲುಪಾಲು ಇದೊಂದರದೇ. ಪ್ರತಿವರ್ಷ ವರದಿಯ ಮೊದಲ ಪುಟದ ಅಂಕಿಚಿತ್ರದಲ್ಲಿ ಎಲ್ಲಕ್ಕಿಂತ ಎತ್ತರದ ಕಂಬವಾಗಿ ಅವಳೇ ಅದನ್ನು ಬರೆಯುತ್ತಿದ್ದಳು. ಲೇಖಕನ ಹೆಸರಿನ ಜಾಗದಲ್ಲಿ ಒಬ್ಬ ಮನುಷ್ಯ ಇದ್ದಾನೆಂದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಅವಳು ಡೈರೆಕ್ಟರನ್ನು ಕೇಳಿದಳು. ಡೈರೆಕ್ಟರು ಹಲ್ಲಿನ ಸಂದಿಗೆ ಕಡ್ಡಿ ಹಾಕಿ ಕೂತಿದ್ದರು.

"ಓ, ನಿಮ್ಮ ಹತ್ರಾನೂ ಬಂದ್ನಾ? ಅವನಿಗೆ ಬೇರೆ ಕಡೆಯಿಂದ ಕೆಲಸಕ್ಕೆ ಕರೆ ಬಂದಿದೆಯಮ್ಮ. ಹೋಗೋಕೆ ಮುಂಚೆ ನಮ್ಮನ್ನ ಮುಳುಗಿಸಿ ಹೋಗ್ಬೇಕು ಅನ್ನೋ ಹಟ. ಪೇಪರ್ ವಾಪಸ್ ತಗೋತೀನಿ ಅಂತ ಒಂದೂವರೆ ವರ್ಷದಿಂದ ಕುಣೀತಿದ್ದಾನೆ. ಸಂಸ್ಥೆ ಒಪ್ಪದೆ ಅದನ್ನ ಅಚ್ಚು ಹಾಕಿದ ಪತ್ರಿಕೆಯೋರು ತೆಗೆಯಲ್ಲ. ನಾನು ಒಪ್ಪಲ್ಲ." ಕಡ್ಡಿಯ ತುದಿಯನ್ನೊಮ್ಮೆ ನೋಡಿ ಮತ್ತೆ ಬಾಯಿಗೆ ಹಾಕಿದರು. "ಅಂದ ಹಾಗೆ, ಈ ಸಲ ವರದಿ ಚೆನ್ನಾಗಿ ಬರಲಿ. ನಿಮ್ಮ ಕೆಲಸ ಕಾಯಂ ಮಾಡೋ ಫೈಲು ನನ್ನ ಮೇಜಿನ ಮೇಲೇ ಇದೆ."

ಅವಳು ನಂಬಿದಳು. ಸಂಸ್ಥೆಯಲ್ಲಿ ಅಷ್ಟು ವರ್ಷ ಕಳೆದವಳಿಗೆ ಕೆಟ್ಟದ್ದನ್ನು ನಂಬಲು ಸಾಕ್ಷಿ ಬೇಕಿರಲಿಲ್ಲ.

ಎರಡು ದಿನ ಬಿಟ್ಟು ಕ್ಯಾಂಟೀನಿನ ಸಾಲಿನಲ್ಲಿ ಪಾಚಿ ಡಾಕ್ಟ್ರು ಅವಳ ಹಿಂದೆಯೇ ನಿಂತಿದ್ದ. ವಾಸನೆಯಿಂದಲೇ ಗೊತ್ತಾಯಿತು.

"ಹೊಸ ಸಂಸ್ಥೆಯಲ್ಲಿ ಸೋಪು ಕೊಡ್ತಾರಂತಾ ಸರ್?" ಎಂದಳು, ತಿರುಗದೆ.

"ಯಾವ ಹೊಸ ಸಂಸ್ಥೆ?"

"ನೀವು ಹಾರಿಹೋಗ್ತಿರೋದು."

ಅವನು ತಟ್ಟೆ ಹಿಡಿದುಕೊಂಡು ಅವಳ ಎದುರಿಗೆ ಬಂದು ನಿಂತ. ಈ ಸಲ ನಗುವಿರಲಿಲ್ಲ. ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು, ಆದರೆ ಕಣ್ಣು ಮಾತ್ರ ಈಗಷ್ಟೇ ತೊಳೆದ ಹಾಗೆ ಸ್ವಚ್ಛ. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಊಟ ಆಮೇಲೆ ಮಾಡಿ ಮೇಡಂ. ಮೊದಲು ನನ್ನ ಲ್ಯಾಬಿಗೆ ಬನ್ನಿ. ಊಟ ಮಾಡಿ ಬಂದ್ರೆ ಕಷ್ಟ ಆಗುತ್ತೆ."

ಕಷ್ಟವೇ ಆಯಿತು. ಬಾಗಿಲು ತೆರೆದೊಡನೆ ಗಬ್ಬು ಅವಳ ಮುಖಕ್ಕೆ ರಾಚಿತು. ಗೋಡೆಯುದ್ದಕ್ಕೂ ಗಾಜಿನ ಕೊಳವೆಗಳು. ಪ್ರತಿಯೊಂದರಲ್ಲೂ ಮರಳು, ಮರಳಿನ ಮೇಲೆ ಪಾಚಿ. ಬಾಗಿಲ ಬಳಿಯವು ಎಳೆ ಹಸಿರು, ನೋಡಲು ಚೆಂದ. ಮುಂದೆ ಹೋದಂತೆ ಹಳದಿ, ಕಂದು. ಕೊನೆಯ ಕೊಳವೆಗಳಲ್ಲಿ ಕರಗಿದ ಸಾಬೂನಿನಂಥ ಕರಿಯ ಲೋಳೆ. ಅವನು ಜೇಬಿನಿಂದ ಕರವಸ್ತ್ರ ತೆಗೆದು ಚಾಚಿದ. ಅದರ ಮೇಲೂ ಹಸಿರು ಕಲೆ ಕಂಡು ಅವಳು ತನ್ನ ದುಪಟ್ಟಾವನ್ನೇ ಮೂಗಿಗೆ ಒತ್ತಿಕೊಂಡಳು.

"ಪಾಚಿ ಸೀಸ ಹೀರುತ್ತೆ, ಅದು ನಿಜ," ಎಂದ ಅವನು. "ಜೀವ ಇರೋ ತನಕ ಹೀರುತ್ತೆ. ಸತ್ತ ಮೇಲೆ? ಹೀರಿದ್ದನ್ನೆಲ್ಲ ಒಟ್ಟಿಗೇ ಕಕ್ಕಿಬಿಡುತ್ತೆ. ಈ ಕೊನೇ ಕೊಳವೆಯಲ್ಲಿ ಒಳಗೆ ಹೋಗೋ ನೀರಿಗಿಂತ ಹೊರಗೆ ಬರೋ ನೀರಲ್ಲೇ ವಿಷ ಜಾಸ್ತಿ."

"ಪೇಪರಲ್ಲಿ ಇದು ಯಾಕಿಲ್ಲ?"

"ಪೇಪರ್ ಬರೆಯೋವಾಗ ಪಾಚಿ ಇನ್ನೂ ಸತ್ತಿರಲಿಲ್ಲ." ಅವನು ಕೊಳವೆಯ ಗಾಜನ್ನು ಬೆರಳಿನಿಂದ ಒರೆಸಿದ. "ಇನ್ನೊಂದಷ್ಟು ತಿಂಗಳು ನೋಡೋಣ ಸರ್ ಅಂದೆ. ವರ್ಷದ ಲೆಕ್ಕ ಮುಗೀತಾ ಬಂತು, ಈಗಲೇ ಕಳಿಸು, ಇಲ್ಲಾಂದ್ರೆ ಈ ವರ್ಷದ ಎಣಿಕೆಗೆ ಸಿಗಲ್ಲ ಅಂದ್ರು ಡೈರೆಕ್ಟರು. ಹೊಸಬ ನಾನು. ಕಳಿಸ್ದೆ."

ಎಣಿಕೆಗೆ. ಅವಳ ಎಣಿಕೆಗೆ.

ಅವನು ಉಳಿದದ್ದನ್ನೂ ಹೇಳಿದ. ಪೇಪರ್ ಓದಿದ ದತ್ತಿಸಂಸ್ಥೆಯೊಂದು ಹಳೆಯ ಬ್ಯಾಟರಿ ಕಾರ್ಖಾನೆಯ ಹಿಂದಿನ ಬಡಾವಣೆಯಲ್ಲಿ ಮನೆಮನೆಗೂ ಈ ಫಿಲ್ಟರ್ ಕೂರಿಸಿತ್ತು. ತೆಗೆಯಿರಿ ಎಂದು ಇವನು ಹೋಗಿ ಗೋಗರೆದರೆ, ಅವರು ನಗುತ್ತ ಅವಳ ವರದಿಯನ್ನೇ ತೆಗೆದು ತೋರಿಸಿದ್ದರು. ಜಗತ್ತೇ ಒಪ್ಪಿರುವಾಗ ನೀವೊಬ್ಬರು ಬೇಡ ಅಂದ್ರೆ ಹೇಗೆ ಸ್ವಾಮಿ, ಎಷ್ಟೊಂದು ಸೈಟೇಶನ್ ಇದೆ ನೋಡಿ ಎಂದಿದ್ದರು.

"ಅದಕ್ಕೇ ಇಳಿಸಿಕೊಡಿ ಅಂತ ನಿಮ್ಮ ಹತ್ರ ಬಂದಿದ್ದು. ಹುಚ್ಚುತನ ಅಂತ ಗೊತ್ತಿತ್ತು. ಎಲ್ಲ ಬಾಗಿಲೂ ತಟ್ಟಿ ಆಗಿತ್ತು, ನಿಮ್ಮದೊಂದು ಉಳಿದಿತ್ತು."

ಅವತ್ತು ಅವಳು ಊಟ ಮಾಡಲಿಲ್ಲ.

ಅಂದಿನಿಂದ ಮಧ್ಯಾಹ್ನಗಳು ಬೇರೆಯಾದವು. ಅವನ ಪೇಪರನ್ನು ಹೆಸರಿಸಿದ ಪೇಪರುಗಳನ್ನು ಅವಳು ಒಂದೊಂದಾಗಿ ತೆರೆದು ಓದತೊಡಗಿದಳು. ಅರ್ಥವಾಗದ್ದನ್ನು ಬಿಡಿಸಿ ಹೇಳಲು ಅವನು ಎದುರಿನ ಕುರ್ಚಿಗೆ ಬಂದ. ಇಷ್ಟು ವರ್ಷ ಎಣಿಸಿದ್ದಳೇ ಹೊರತು ಓದಿರಲಿಲ್ಲ. ಓದಿದರೆ ಕಂಡದ್ದು ಹೇಸಿಗೆ. ಯಾರೋ ಒಬ್ಬ ಅವನ ಪೇಪರಿನ ಪುಟಸಂಖ್ಯೆ ತಪ್ಪಾಗಿ ಬರೆದಿದ್ದ. ಮುಂದಿನ ನೂರಾರು ಜನ ಅದೇ ತಪ್ಪನ್ನು ಹಾಗೇ ಇಳಿಸಿಕೊಂಡಿದ್ದರು. ಒಬ್ಬನೂ ಮೂಲವನ್ನು ತೆರೆದು ನೋಡಿರಲಿಲ್ಲ. ಅಪ್ಪಿತಪ್ಪಿ ಓದಿದ ಕೆಲವರು 'ನಮ್ಮಲ್ಲಿ ಇದು ಫಲ ಕೊಡಲಿಲ್ಲ' ಎಂದೇ ಬರೆದಿದ್ದರು. ಅವಳ ಲೆಕ್ಕದಲ್ಲಿ ಅದೂ ಒಂದು ಸೈಟೇಶನ್. ಬೈಗುಳಕ್ಕೂ ಹೊಗಳಿಕೆಗೂ ಅವಳ ಕಂಬದಲ್ಲಿ ಒಂದೇ ಎತ್ತರ.

"ಇದನ್ನ ನೋಡಿ. ಇವನು ನಿಮ್ಮನ್ನ ಹೆಂಗಸು ಮಾಡಿದ್ದಾನೆ. 'ಆಕೆಯ ಮಹತ್ವದ ಸಂಶೋಧನೆ' ಅಂತೆ."

"ಆಕೆಗೆ ಮದುವೆ ಆಗಿದೆಯಾ ಅಂತ ಬರೆದಿಲ್ವಾ?"

"ಇಲ್ಲ. ಆಗಿದೆಯಾ?" ಕೇಳಿದ ಮೇಲೆ ಅವಳಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

"ಆಕೆ ಮೈಯೆಲ್ಲ ನಾರ್ತಾಳೆ ಮೇಡಂ. ಯಾರು ಮಾಡ್ಕೋತಾರೆ?"

ಅವಳು ನಕ್ಕಳು. ಆ ಕೋಣೆಯಲ್ಲಿ ಅವಳ ನಗು ಕೇಳಿ ಅವಳಿಗೇ ಅಪರಿಚಿತವೆನಿಸಿತು. ಅವನು ಅವಳ ನಗುವನ್ನೇ ನೋಡುತ್ತಿದ್ದ. ಗಾಜಿನಾಚೆ ಏನೋ ಬಣ್ಣ ಬದಲಾಯಿಸುವುದನ್ನು ಕಾದು ನೋಡುವವನ ನೋಟ ಅದು. ಅವಳು ಮುಖ ತಿರುಗಿಸಿದಳು. ಕಿವಿಯ ತುದಿ ಮಾತ್ರ ತಿರುಗಿಸಲಾಗದೆ ಕೆಂಪಾಗಿ ಉಳಿಯಿತು.

ಮೊದಮೊದಲು ಅವನು ಟೀ ಕುಡಿದ ಲೋಟವನ್ನು ಅವಳು ಎರಡು ಸಲ ತೊಳೆಯುತ್ತಿದ್ದಳು. ಒಂದು ದಿನ ಮಾತಿನ ಭರದಲ್ಲಿ ಅದೇ ಲೋಟದಿಂದ ತಾನೇ ಒಂದು ಗುಟುಕು ಕುಡಿದುಬಿಟ್ಟಳು. ಅವನು ನೋಡಿದ. ಅವಳು ಲೋಟ ಕೆಳಗಿಡಲಿಲ್ಲ. ಟೀ ತಣ್ಣಗಾಗಿತ್ತು, ಸಕ್ಕರೆ ಕಡಿಮೆಯಾಗಿತ್ತು, ಆದರೂ ಕೊನೆಯ ಗುಟುಕಿನವರೆಗೂ ಕುಡಿದಳು.

ಮೌಲ್ಯಮಾಪನ ಸಮಿತಿ ಬರುವ ದಿನ ಹತ್ತಿರವಾಯಿತು. ಆ ಪೇಪರಿನ ಅಡಿಯಲ್ಲಿ 'ಲೇಖಕರೇ ಇದನ್ನು ಹಿಂತೆಗೆದುಕೊಳ್ಳಲು ಕೋರಿದ್ದಾರೆ' ಎಂಬ ಒಂದು ಸಾಲನ್ನಾದರೂ ಹಾಕುತ್ತೇನೆ ಎಂದು ಅವಳು ಡೈರೆಕ್ಟರಿಗೆ ಹೇಳಿದಳು. ಡೈರೆಕ್ಟರು ರೇಗಲಿಲ್ಲ. ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು.

"ನೀನು ನನ್ನ ಮಗಳ ಹಾಗೆ. ಆ ಸಾಲು ಬೇಡ. ಈ ಸಲ ರ‍್ಯಾಂಕ್ ಬಿದ್ರೆ ಮೊದಲು ಮುಚ್ಚೋದು ನಿನ್ನ ವಿಭಾಗವನ್ನೇ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ ಮಗಳೇ."

ಆ ಕೈಯ ಬೆವರು ಕೂದಲಿಗೆ ಅಂಟಿದಂತೆನಿಸಿ ಅವಳು ಮನೆಗೆ ಹೋಗಿ ತಲೆ ತೊಳೆದುಕೊಂಡಳು. ಆದರೆ ಸಾಲನ್ನು ಹಾಕಲಿಲ್ಲ.

ಸಮಿತಿಯವರು ಉದ್ದನೆಯ ಮೇಜಿನ ಸುತ್ತ ಕೂತಿದ್ದರು. ಎತ್ತರದ ಕಂಬ ಪರದೆಯ ಮೇಲೆ ಮೂಡಿದಾಗ ಮೆಚ್ಚುಗೆಯ ಗುಜುಗುಜು ಎದ್ದಿತು. ಪಾಚಿ ಡಾಕ್ಟ್ರು ಕೊನೆಯ ಸಾಲಿನಲ್ಲಿದ್ದ. ಸಮಿತಿಯ ಅಧ್ಯಕ್ಷೆ, ಬೆಳ್ಳಿಕೂದಲಿನ ಹೆಂಗಸು, ಕನ್ನಡಕ ಏರಿಸಿ ಸಹಜವಾಗಿ ಕೇಳಿದರು.

"ಈ ಪೇಪರಿನ ಬಗ್ಗೆ ಎಲ್ಲಾದ್ರೂ ತಕರಾರು ಇದೆಯೇನಮ್ಮ? ಇಷ್ಟು ಸೈಟೇಶನ್ ಒಂದೇ ಪೇಪರಿಗೆ ಇದ್ದಾಗ ಕೇಳೋದು ನಮ್ಮ ರೂಢಿ."

ಡೈರೆಕ್ಟರು ಅವಳತ್ತ ತಂದೆಯಂತೆ ಮುಗುಳ್ನಕ್ಕರು.

"ಇಲ್ಲ ಮೇಡಂ," ಎಂದಳು ಅವಳು.

ಮುಂದಿನ ಚಿತ್ರಗಳನ್ನು ಹೇಗೆ ತೋರಿಸಿದಳೋ ಅವಳಿಗೇ ತಿಳಿಯದು. ಮುಗಿಸಿ ನೇರ ಬಚ್ಚಲುಮನೆಗೆ ಓಡಿ ಕಕ್ಕಿದಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಬರೀ ಕಹಿ ಬಂತು. ಕನ್ನಡಿಯಲ್ಲಿ ಕಂಡ ಮುಖಕ್ಕೂ ಆ ಚಾಕೊಲೇಟ್ ಡಬ್ಬಿಗಳ ಮುಖಗಳಿಗೂ ವ್ಯತ್ಯಾಸವೇನೂ ಕಾಣಲಿಲ್ಲ.

ಹೊರಗೆ ಅವನು ನೀರಿನ ಬಾಟಲಿ ಹಿಡಿದು ನಿಂತಿದ್ದ.

"ಕುಡೀರಿ. ಅಂಗಡೀದು, ನನ್ನ ಫಿಲ್ಟರಿಂದಲ್ಲ."

"ಬೈಯಿರಿ ನನ್ನ."

"ಯಾಕೆ ಬೈಲಿ?"

"ಸುಳ್ಳು ಹೇಳ್ದೆ. ನಿಮ್ಮ ಕಣ್ಣೆದುರಿಗೇ."

ಅವನು ಬಾಟಲಿಯ ಮುಚ್ಚಳ ತಿರುಗಿಸುತ್ತ ನಿಂತ. "ನಾನು ಎದ್ದು ನಿಂತು ನಿಜ ಹೇಳ್ಬೇಕು ಅಂತಾನೇ ಬಂದಿದ್ದೆ. ಅಷ್ಟರಲ್ಲಿ ನೀವು ಇಲ್ಲ ಅಂದ್ರಿ. ನಾನೀಗ ಎದ್ರೆ ಎಲ್ಲರ ಮುಂದೆ ನೀವು ಸುಳ್ಳುಗಾತಿ ಆಗ್ತೀರಿ ಅನ್ನಿಸ್ತು. ಏಳೋಕೆ ಮನಸ್ಸು ಬರಲಿಲ್ಲ. ಕೂತ್ಬಿಟ್ಟೆ."

ಬೇರೆ ಯಾವ ಹೆಣ್ಣಿಗಾದರೂ ಈ ಮಾತು ಇಷ್ಟವಾಗುತ್ತಿತ್ತೇನೋ. ಅವಳು ಅವನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ನನ್ನ ಮಾನ ಉಳಿಸೋಕೆ ಆ ಬಡಾವಣೆ ಮಕ್ಕಳಿಗೆ ಇನ್ನೊಂದು ವರ್ಷ ಸೀಸ ಕುಡಿಸ್ತೀರಾ?"

ಅವನ ಮುಖ ಬಿಳಿಚಿತು.

"ಇದಕ್ಕೆ ಏನು ಹೆಸರಿಡ್ತೀರಿ? ಪ್ರೀತಿ ಅಂತಾನಾ? ಅದೇ ಆದ್ರೆ ನನಗದು ಬೇಡ. ನನಗೆ ಹೇಸಿಗೆ ಆಗುತ್ತೆ. ಡೈರೆಕ್ಟರೂ ತಲೆ ಮೇಲೆ ಕೈಯಿಟ್ಟು ಇದನ್ನೇ ಹೇಳಿದ್ದು. ನಿನ್ನ ಒಳ್ಳೇದಕ್ಕೆ ಅಂತ."

ಅವಳು ಬಾಟಲಿಯನ್ನು ಮುಟ್ಟದೆ ಹೊರಟುಹೋದಳು.

ಸಂಜೆ ಚಿಕ್ಕಮ್ಮ ಪಾರ್ಲರ್ ಬಾಗಿಲು ಹಾಕಿ ಮೇಲೆ ಬಂದಾಗ ಅವಳು ಕತ್ತಲೆಯಲ್ಲೇ ಕೂತಿದ್ದಳು. ದೀಪ ಹಾಕಲು ಬಿಡಲಿಲ್ಲ. ನಡೆದದ್ದನ್ನೆಲ್ಲ ಹೇಳಿದಳು.

"ಅವನ ಮೇಲೆ ಮನಸ್ಸಿದೆಯಾ?" ಎಂದಳು ಚಿಕ್ಕಮ್ಮ.

"ಚಿಕ್ಕಮ್ಮಾ, ನಾನು ಹೇಸಿಗೆ ಅಂತಿದ್ದೀನಿ."

"ಕೇಳಿಸ್ತು. ಹೇಸಿಗೆ ಪಡೋಕೂ ಹತ್ತಿರದೋರು ಬೇಕು ಕಣೇ. ಆ ಟೀ ಮೇಜಿನೋರ ಬಗ್ಗೆ ಬೈದು ಮಲಗಿದ್ರೆ ನಿನಗೆ ಗೊರಕೆ ಬರ್ತಿತ್ತು. ಇವತ್ತು ಊಟಾನೂ ಇಲ್ಲ, ನಿದ್ದೇನೂ ಇಲ್ಲ." ಚಿಕ್ಕಮ್ಮ ಅವಳ ಹಣೆಯ ಗೆರೆಯನ್ನು ಹೆಬ್ಬೆರಳಿನಿಂದ ನೀವಿದಳು. "ಸಮಿತಿಯೋರು ಊರು ಬಿಟ್ರಾ?"

"ಇಲ್ಲ. ನಾಳೆ ಮಧ್ಯಾಹ್ನ ಹೋಗ್ತಾರೆ."

"ಮತ್ತೆ ಕತ್ತಲಲ್ಲಿ ಕೂತು ಏನು ಮಾಡ್ತಿದ್ದೀಯ? ಎದ್ದು ಊಟ ಮಾಡು. ಖಾಲಿ ಹೊಟ್ಟೇಲಿ ನಿಜ ಹೇಳಿದ್ರೆ ದನಿ ನಡುಗುತ್ತೆ."

ಬೆಳಿಗ್ಗೆ ಅವಳು ಸಮಿತಿ ಇಳಿದಿದ್ದ ಅತಿಥಿಗೃಹಕ್ಕೆ ಹೋದಳು. ಕೆಳಗಿನ ಹಜಾರದ ಸೋಫಾದಲ್ಲಿ, ಕಾಗದದ ಕಟ್ಟೊಂದನ್ನು ಮಡಿಲಲ್ಲಿಟ್ಟುಕೊಂಡು ಅವನು ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ. ಕುತ್ತಿಗೆಯ ಹತ್ತಿರ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ. ಅವಳನ್ನು ಕಂಡು ಎದ್ದು ನಿಂತ.

"ನೀವ್ಯಾಕೆ ಬಂದ್ರಿ?" ಎಂದಳು ಅವಳು.

"ನಿಮ್ಮನ್ನ ಸುಳ್ಳುಗಾತಿ ಮಾಡೋಕೆ."

"ತಡವಾಯ್ತು. ಅದನ್ನ ನಾನೇ ಮಾಡ್ಕೊಳ್ಳೋಕೆ ಬಂದಿದ್ದೀನಿ."

ಅವನ ತುಟಿಯ ಒಂದು ತುದಿ ಎದ್ದಿತು, ಅವಳದೂ ಎದ್ದಿತು.

"ನಿನ್ನೆ ನೀವಂದಿದ್ದು ಸರಿ," ಎಂದ ಅವನು ಮೆಲ್ಲಗೆ. "ರಾತ್ರಿಯೆಲ್ಲ ಕಿವಿಯಲ್ಲಿ ಅದೇ ಇತ್ತು. ಯಾರೂ ಹಾಗೆ ಬೈದಿರಲಿಲ್ಲ ನನಗೆ."

"ಇನ್ನೂ ಬಾಕಿ ಇದೆ. ಮೊದಲು ಮೇಲೆ ನಡೀರಿ."

ಬೆಳ್ಳಿಕೂದಲಿನ ಅಧ್ಯಕ್ಷೆ ಇಬ್ಬರ ಮಾತನ್ನೂ ಕೇಳಿದರು. ಅವನ ಅಳತೆಗಳನ್ನು ನೋಡಿದರು. ಅವಳು ಆ ಪೇಪರನ್ನು ಬಿಟ್ಟು ಮತ್ತೆ ಮಾಡಿದ ಲೆಕ್ಕವನ್ನು ನೋಡಿದರು. ಕಂಬ ಬಿದ್ದ ಮೇಲೆ ಸಂಸ್ಥೆಯ ಚಿತ್ರದಲ್ಲಿ ಉಳಿದದ್ದು ಕುಳ್ಳಗಿನ ಬೇಲಿಯೊಂದೇ.

"ನಿನ್ನೆ ನಾನು ಕೇಳಿದಾಗ ಇಲ್ಲ ಅಂದ್ಯಲ್ಲಮ್ಮ."

"ಅಂದೆ. ಕೆಲಸ ಹೋಗುತ್ತೆ ಅಂತ ಹೆದರಿ ಅಂದೆ."

"ಇವತ್ತು ಹೋಗಲ್ವಾ?"

"ಇವತ್ತೂ ಹೋಗುತ್ತೆ," ಎಂದಳು ಅವಳು. ಉಂಡು ಬಂದಿದ್ದರಿಂದ ದನಿ ನಡುಗಲಿಲ್ಲ.

ಹೋಯಿತು. ರ‍್ಯಾಂಕ್ ದೊಪ್ಪನೆ ಬಿತ್ತು. ಟೀ ಮೇಜಿನವರು ಅವಳು ಬಂದರೆ ಲೋಟ ಎತ್ತಿಕೊಂಡು ಏಳತೊಡಗಿದರು. ಸಮಿತಿ ಪಟ್ಟು ಹಿಡಿದದ್ದಕ್ಕೆ ಡೈರೆಕ್ಟರು ಒಪ್ಪಲೇಬೇಕಾಯಿತು, ಪೇಪರನ್ನು ಪತ್ರಿಕೆ ವಾಪಸ್ ತೆಗೆಯಿತು. ಅದಾದ ವಾರದೊಳಗೇ ಡೈರೆಕ್ಟರು ಸಭೆ ಕರೆದು, ತಪ್ಪನ್ನು ತಾನೇ ಹುಡುಕಿ ತಾನೇ ಒಪ್ಪಿಕೊಳ್ಳುವ ಧೈರ್ಯ ಇರುವುದು ನಮ್ಮ ಸಂಸ್ಥೆಗೊಂದಕ್ಕೇ ಎಂದು ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಅಳಿಯ ಎಲ್ಲರಿಗಿಂತ ಜೋರಾಗಿ ತಟ್ಟಿದ. ಆ ಭಾಷಣದ ದಿನವೇ ಅವಳ ಕೆಲಸ ಮುಂದುವರಿಸುವುದಿಲ್ಲವೆಂಬ ಪತ್ರ ಬಂತು. ಪಾಚಿ ಡಾಕ್ಟ್ರ ಪ್ರಯೋಗಾಲಯವನ್ನು ಮುರಿದ ಕುರ್ಚಿ ಇಡುವ ಗೋದಾಮಿಗೆ ಸಾಗಿಸಿದರು. ಇನ್ನೂ ಅಸಹ್ಯದ ಸಂಗತಿಯೆಂದರೆ, ಸತ್ತ ಪೇಪರಿಗೆ ಹೊಸ ಸೈಟೇಶನ್ನುಗಳು ಬರುತ್ತಲೇ ಇದ್ದವು, ತಪ್ಪು ಪುಟಸಂಖ್ಯೆಯ ಸಮೇತ.

ದತ್ತಿಸಂಸ್ಥೆ ಕೊನೆಗೂ ಫಿಲ್ಟರ್ ತೆಗೆಸಲು ಒಪ್ಪಿತು. ಒಪ್ಪಿತು ಅಷ್ಟೇ; ತೆಗೆಯಲು ಆಳುಗಳನ್ನು ಕಳಿಸಲಿಲ್ಲ. ಅವನು ತಾನೇ ಹೋಗುತ್ತೇನೆಂದ.

"ನಾನೂ ಬರ್ತೀನಿ. ನನಗೀಗ ಬೇಕಾದಷ್ಟು ಬಿಡುವಿದೆ," ಎಂದಳು ಅವಳು.

ಬ್ಯಾಟರಿ ಕಾರ್ಖಾನೆಯ ಗೋಡೆಯ ಪಕ್ಕದ ಇಕ್ಕಟ್ಟಾದ ಬೀದಿ. ಪ್ರತಿ ಮನೆಯ ಹಿಂಬಾಗಿಲಲ್ಲೂ ಒಂದು ನೀಲಿ ಪೀಪಾಯಿ. ಮುಚ್ಚಳ ತೆಗೆದರೆ ಕರಿಯ ಲೋಳೆ. ಅವನು ಮೊಣಕೈವರೆಗೂ ಕೈಯಿಳಿಸಿ ಬಾಚಿ ತೆಗೆದ. ಅವಳು ಚೀಲ ಹಿಡಿದಳು. ಕೊನೆಗೆ ಅವಳೂ ಕೈಯಿಳಿಸಿದಳು. ಪ್ರತಿ ಮನೆಯಲ್ಲೂ ಅವನು ಒಂದೇ ಮಾತನ್ನು ಒಂದೇ ರೀತಿ ಹೇಳಿದ. ಈ ನೀರು ಕುಡೀಬೇಡಿ, ಇದು ನನ್ನ ತಪ್ಪು, ಮಕ್ಕಳಿಗೆ ರಕ್ತ ಪರೀಕ್ಷೆ ಮಾಡಿಸಬೇಕು, ನಾನೇ ಕರೆದುಕೊಂಡು ಹೋಗ್ತೀನಿ.

ಕೆಲವರು ಸುಮ್ಮನೆ ಕೇಳಿದರು. ಕೆಲವರು ಬಾಗಿಲು ಹಾಕಿದರು. ಬೀದಿಯ ನಡುವಿನ ಮನೆಯಲ್ಲಿ ಸೊಂಟದ ಮೇಲೆ ಮಗು ಕೂರಿಸಿಕೊಂಡಿದ್ದ ಹೆಂಗಸೊಬ್ಬಳು ಪೂರ್ತಿ ಕೇಳಿಸಿಕೊಂಡಳು.

"ಮೂರು ಮಕ್ಕಳಿಗೂ ಇದನ್ನೇ ಕುಡಿಸಿದ್ದೀನಿ," ಎಂದಳು. "ದೊಡ್ಡವನಿಗೆ ಯಾವಾಗ್ಲೂ ಹೊಟ್ಟೆನೋವು. ಒಳ್ಳೇ ನೀರು, ಓದಿದೋರು ಮಾಡಿದ್ದು, ಕುಡಿಯೋ ಅಂತ ಹೊಡೆದು ಕುಡಿಸ್ದೆ."

ಅವನು ತಲೆ ತಗ್ಗಿಸಿದ. ಹೆಂಗಸು "ಥೂ!" ಎಂದು ಅವನ ಕಾಲ ಬಳಿ ಉಗುಳಿ ಒಳಗೆ ಹೋದಳು.

ಅವನು ಕದಲಲಿಲ್ಲ. ಕೈಯಿಂದ ಕರಿಯ ನೀರು ತೊಟ್ಟಿಕ್ಕುತ್ತಿತ್ತು. ಅತ್ತಿತ್ತಲ ಮನೆಯವರು ಹೊಸಿಲ ಮೇಲೆ ನಿಂತು ನೋಡುತ್ತಿದ್ದರು. ಅವಳು ಹತ್ತಿರ ಹೋಗಿ ಎಲ್ಲರೆದುರಿಗೇ ಅವನ ಕೈ ಹಿಡಿದುಕೊಂಡಳು. ಲೋಳೆಗೆ ಲೋಳೆ ಅಂಟಿತು.

"ಬಿಡಿ ಮೇಡಂ, ಗಲೀಜು," ಎಂದ ಅವನು.

"ನನ್ನದೇನು ಚೊಕ್ಕವಾಗಿದೆಯಾ?"

ಅವನು ಕೈ ಬಿಡಿಸಿಕೊಳ್ಳಲಿಲ್ಲ. "ನಿಮಗೆ ಒಂದು ಮಾತು ಹೇಳ್ಬೇಕಿತ್ತು. ಬಹಳ ದಿನದಿಂದ ಇದೆ. ಇವತ್ತಲ್ಲ. ಮೈ ತೊಳ್ಕೊಂಡು, ಒಳ್ಳೇ ಬಟ್ಟೆ ಹಾಕ್ಕೊಂಡು, ಎಲ್ಲಾದ್ರೂ ಮರದ ಕೆಳಗೆ ಕೂತು ಹೇಳ್ತೀನಿ."

"ಬೇಡ. ಇಲ್ಲೇ ಹೇಳಿ."

"ಈ ನಾತದಲ್ಲಾ?"

"ಚೆಂದದ ಜಾಗದಲ್ಲಿ ಚೆಂದದ ಬಟ್ಟೆ ಹಾಕಿದೋರು ಹೇಳಿದ ಸುಳ್ಳೆಲ್ಲ ಕೇಳಿ ಕೇಳಿ ನನಗೆ ವಾಕರಿಕೆ ಬಂದಿದೆ. ಇಲ್ಲೇ ಹೇಳು."

ಹೇಳು ಎಂದಿದ್ದಳು. ಇಬ್ಬರಿಗೂ ಅದು ಕೇಳಿಸಿತು. ಅವನು ಅವಳ ಮುಖವನ್ನು ನೋಡಿದ. ಕೆನ್ನೆಯ ಮೇಲೊಂದು ಕರಿಯ ಚುಕ್ಕೆ ಸಿಡಿದಿತ್ತು. ಒರೆಸಲು ಅವನ ಬಳಿ ಚೊಕ್ಕವಾದ ಬೆರಳೊಂದೂ ಇರಲಿಲ್ಲ.

"ನೀನಿಲ್ಲದೆ ಇದನ್ನೆಲ್ಲ ಹೊತ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ ಅಂತ ಹೇಳೋದಿತ್ತು," ಎಂದ ಅವನು. "ಆದ್ರೆ ಅದು ನಿಜ ಅಲ್ಲ. ಹೊತ್ಕೋತೀನಿ, ಹೊರಲೇಬೇಕು. ನೀನು ಜೊತೆಗಿದ್ರೆ ಸಾಕು, ಅಷ್ಟೇ ಆಸೆ. ಹೊತ್ಕೊಡು ಅನ್ನಲ್ಲ. ನಾನು ಜಾರಿದಾಗ ಬೈಯೋಕೆ."

"ಇರ್ತೀನಿ," ಎಂದಳು ಅವಳು. "ಬೈತೀನಿ. ಸಂತೋಷವಾಗಿ ಬೈತೀನಿ."

ಒಳಗೆ ಹೋಗಿದ್ದ ಹೆಂಗಸು ಮತ್ತೆ ಬಾಗಿಲಿಗೆ ಬಂದಳು. ಅವಳ ಮುಖದ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ.

"ಪರೀಕ್ಷೆಗೆ ಯಾವತ್ತು ಕರ್ಕೊಂಡು ಹೋಗ್ತೀರಾ?" ಎಂದು ಕೇಳಿದಳು.

"ನಾಳೆ ಬೆಳಿಗ್ಗೇನೇ ಬರ್ತೀವಿ ಅಕ್ಕಾ," ಎಂದಳು ಅಂಕಿ ಮೇಡಂ. "ಇಬ್ಬರೂ ಬರ್ತೀವಿ."

ಅವನು ಚೀಲದ ಬಾಯಿ ಕಟ್ಟಿ ಹೆಗಲಿಗೇರಿಸಿದ. ಅವಳು ಪಕ್ಕದ ಮನೆಯ ಬಾಗಿಲು ತಟ್ಟಿದಳು.